ಸಂದಿಲ್ಲದ ಮನೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಗಳಿಗೆ ಪರದೆ ಹೊಲಿದುಕೊಡುವುದು ಅವಳ ಕಸುಬು. ಅವಳು ಹೊಲಿದ ಪರದೆಯನ್ನು ಎಳೆದರೆ ಎರಡು ಅಂಚುಗಳ ನಡುವೆ ಬೆಳಕಿನ ಒಂದು ಎಳೆಯೂ ನುಸುಳುವುದಿಲ್ಲ ಎಂದು ಹೆಸರಾಗಿತ್ತು. ಆದರೆ ಊರಿನ ಕಿಟಕಿಗಳನ್ನೆಲ್ಲ ಮುಚ್ಚುವವಳಿಗೆ ತನ್ನ ಮನೆಯ ಕಿಟಕಿಯತ್ತ ನೋಡಲು ಪುರಸೊತ್ತೆಲ್ಲಿ? ಚಳಿಗಾಲ ಬಂತೆಂದರೆ ಅವಳ ಮನೆಯಲ್ಲಿ ಗಾಳಿ ಬಾಗಿಲು ತಟ್ಟದೆಯೇ ಒಳಗೆ ಬರುತ್ತಿತ್ತು.

ಗಾಳಿಯ ಹಿಂದೆಯೇ ಬಿಲ್ಲೂ ಬರುತ್ತಿತ್ತು. ಗ್ಯಾಸಿನದೊಂದು, ಕರೆಂಟಿನದೊಂದು. ಅವಳಿಗೆ ಚಳಿಗಿಂತ ಬಿಲ್ಲಿನ ದಿನದ ಗಂಡನ ಮುಖ ಕಂಡರೇ ನಡುಕ. ಅವನು ಬಸ್ ಡ್ರೈವರ್. ಕೆಟ್ಟವನಲ್ಲ, ಯಾವತ್ತೂ ಕೈ ಎತ್ತಿದವನಲ್ಲ. ಆದರೆ ಬಿಲ್ಲು ಕೈಗೆ ಬಂದ ದಿನ ಮಾತು ನಿಂತುಹೋಗುತ್ತಿತ್ತು. ಮನೆಯವರ ಬೆನ್ನ ಹಿಂದೆಯೇ ನಡೆದು ಒಂದೊಂದೇ ದೀಪ ಆರಿಸುತ್ತ ಬರುತ್ತಿದ್ದ. ಅವಳು ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿರುವಾಗಲೇ ದೀಪ ಆರಿದ್ದೂ ಉಂಟು.

ಆ ವರ್ಷದ ಮೊದಲ ಬಿಲ್ಲು ಬಂದ ದಿನ ಅವನು ಬಾಯಿ ಬಿಟ್ಟ.

"ಇದೇನು ಮನೆಯೋ ಜರಡಿಯೋ? ದುಡ್ಡು ಸುಟ್ಟು ಬೀದೀನ ಬೆಚ್ಚಗೆ ಮಾಡ್ತಾ ಕೂತಿದೀವಿ. ನನ್ನ ಬಸ್ಸಿಗೆ ಇಷ್ಟು ಸಂದಿದ್ರೆ ಪ್ಯಾಸೆಂಜರ್ ಎಲ್ಲ ಉದುರಿ ಹೋಗ್ತಿದ್ರು."

"ಸಂದು ಮುಚ್ಚೋಣ ಬಿಡ್ರೀ. ಅದೇನು ಬ್ರಹ್ಮವಿದ್ಯೆನಾ?"

"ನೀನು ಊರವರ ಮನೆ ಮುಚ್ಚಿ ಬಾ. ಆಮೇಲೆ ನಮ್ಮದು ನೋಡ್ಕೊಳ್ಳೋಣ."

ಆ ಮಾತು ಅವಳಿಗೆ ನಾಟಿತು. ಅಂದಿನಿಂದಲೇ ಕೆಲಸ ಹಿಡಿದಳು. ಕಿಟಕಿಯ ಚೌಕಟ್ಟುಗಳ ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿದಳು. ತೆರೆಯದ ಕಿಟಕಿಗಳಿಗೆ ಟೇಪು ಸುತ್ತಿದಳು. ಉಳಿದ ದಪ್ಪ ಬಟ್ಟೆಗಳನ್ನು ಜೋಡಿಸಿ ಎರಡು ಪದರದ ಪರದೆ ಹೊಲಿದಳು. ಬಾಗಿಲಡಿಗೆಂದು ಬಟ್ಟೆಯ ಉದ್ದ ಚೀಲಗಳನ್ನು ಮಾಡಿ, ಅದರೊಳಗೆ ಚಿಂದಿ ತುರುಕಿದಳು. ಒಂದೊಂದು ಬಾಗಿಲಿಗೆ ಇಂಥ ಎರಡು ಚೀಲ, ಬಾಗಿಲ ಒಳಗೊಂದು, ಹೊರಗೊಂದು, ನಡುವೆ ಪಟ್ಟಿ ಕೂಡಿಸಿದ್ದು. ಬಾಗಿಲು ಆಡಿದರೆ ಅವೂ ಜೊತೆಗೆ ಆಡಬೇಕು. ಎಂಟು ವರ್ಷದ ಮಗಳು ಪುಟ್ಟಿ ಅವುಗಳ ತುದಿಗೆ ಗುಂಡಿಯ ಕಣ್ಣು ಹೊಲಿಸಿಕೊಂಡು "ಹಾವು" ಎಂದು ಹೆಸರಿಟ್ಟಳು.

ಅತ್ತೆಯ ಕೋಣೆ ಕೊನೆಯದು. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗ್ಯಾಸು ಕುಡಿಯುತ್ತಿದ್ದದ್ದು ಅದೇ. ಗೋಡೆಗೆ ಕೂರಿಸಿದ ಹಳೆಯ ಗ್ಯಾಸ್ ಹೀಟರು, ಅದರ ಹೊಗೆ ಹೋಗಲು ಸೂರಿಗೆ ಏರಿದ ತಗಡಿನ ಕೊಳವೆ. ಅತ್ತೆಗೆ ಮಂಡಿನೋವು, ದಿನವಿಡೀ ಹೀಟರು ಉರಿಯಲೇಬೇಕು. ಅವರ ಮಂಚದ ತಲೆಕಡೆ, ಗೋಡೆಯ ಬುಡದಲ್ಲಿ, ಎರಡು ಅಂಗೈ ಅಗಲದ ಒಂದು ಕಿಂಡಿಯಿತ್ತು. ತುಕ್ಕುಹಿಡಿದ ಜಾಲರಿಯ ಮೂಲಕ ಬರ್ರೆಂದು ಗಾಳಿ ನುಗ್ಗುತ್ತಿತ್ತು.

"ಯಾವನೋ ಸೋಮಾರಿ ಕಟ್ಟಿದ್ದು. ತೂತು ಮುಚ್ಚೋದನ್ನೇ ಮರೆತಿದಾನೆ," ಎಂದುಕೊಂಡಳು ಅವಳು.

ಆ ಕಿಂಡಿಗೆಂದು ಅವಳು ಹೊಲಿದದ್ದು ತನ್ನ ಕೈಕೆಲಸದಲ್ಲೇ ಅತ್ಯಂತ ಚೆಂದದ್ದು. ಹತ್ತಿ ತುಂಬಿದ ಮೆತ್ತೆ, ಮೇಲೆ ಪರದೆಯದೇ ಬಟ್ಟೆ, ಅಂಚಿಗೆ ಅತ್ತೆಯ ಹಳೆಯ ಶಾಲಿನ ಪಟ್ಟಿ. ಗೋಡೆಗೆ ಮೊಳೆ ಹೊಡೆದು ಕೂರಿಸಿದಾಗ ಅದು ಮಂಚದ ದಿಂಬಿನದೇ ಜೋಡಿಯ ಹಾಗೆ ಕಂಡಿತು. ಹಿಂದೆ ಕಿಂಡಿಯಿದೆ ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಕೆಲವೇ ದಿನಗಳಲ್ಲಿ ಅವಳೇ ಮರೆತಳು.

ಒಂದನ್ನು ಮಾತ್ರ ಮರೆಯಲಿಲ್ಲ. ಕೊನೆಯ ಮೊಳೆ ಹೊಡೆಯುವಾಗ ಅತ್ತೆ ಮಂಚದ ಮೇಲಿಂದ ಗೊಣಗಿದ್ದರು: "ನಿಧಾನ ಹೊಡಿಯೇ. ನನ್ನ ತಲೆಗೇ ಹೊಡೀತಿದೀಯ ಅನ್ಸುತ್ತೆ. ಹೀಟರ್ ಇನ್ನೊಂಚೂರು ಹೆಚ್ಚು ಮಾಡು." ಆಗ ಅವಳ ಮನಸ್ಸಿನಲ್ಲಿ ಒಂದು ಮಾತು ಕರೆಯದೆ ಬಂದ ನೆಂಟನ ಹಾಗೆ ಬಂದು ಕೂತಿತ್ತು: 'ಇವರೊಬ್ಬರು ಇಲ್ಲದಿದ್ದರೆ ಒಂದು ಹೀಟರಿನ ಖರ್ಚೇ ಉಳಿಯುತ್ತಿತ್ತು.' ಬಂದಷ್ಟೇ ಬೇಗ ಅದನ್ನು ಹೊರಗೆ ಅಟ್ಟಿದ್ದಳು. ಆದರೆ ಇಂಥ ನೆಂಟರು ಹೋಗುವಾಗ ಚಪ್ಪಲಿ ಬಿಟ್ಟೇ ಹೋಗುತ್ತಾರೆ.

ಮುಂದಿನ ಬಿಲ್ಲು ಇಳಿಯಿತು. ಗಂಡ ಅದನ್ನು ಎರಡು ಸಲ ಓದಿದ. ಆ ಸಂಜೆ ದೀಪ ಆರಿಸಲಿಲ್ಲ. "ನಿನ್ನ ಹಾವುಗಳು ಒಳ್ಳೇ ಕೆಲಸ ಮಾಡ್ತಿವೆ ಕಣೇ," ಎಂದು ನಕ್ಕ. ಅವಳು ಇಸ್ತ್ರಿಯ ಕರೆಂಟೂ ಉಳಿಯಲಿ ಎಂದು ಅಟ್ಟದಿಂದ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆ ಇಳಿಸಿಕೊಂಡಳು. ಹಿಂಬದಿಯ ಮೆಟ್ಟಿಲ ಮೇಲೆ ಕೂತು ಅದರಲ್ಲೇ ಪರದೆಗಳ ಮಡಿಕೆ ಕೂರಿಸುತ್ತಿದ್ದಳು. ಬದುಕಿನಲ್ಲಿ ಮೊದಲ ಸಲ ಮನೆ ತನ್ನ ಮುಷ್ಟಿಯೊಳಗಿದೆ ಎನ್ನಿಸಿತು.

ಅತ್ತೆಯ ತಲೆನೋವು ಶುರುವಾದದ್ದೂ ಆಗಲೇ.

ಮೊದಲು ಬರೀ ತಲೆನೋವು. ಆಮೇಲೆ ಓಕರಿಕೆ. ಆಮೇಲೆ ಮಧ್ಯಾಹ್ನದ ಹೊತ್ತು ಕಣ್ಣು ತೆರೆದೇ ಮಲಗಿ ಏನೇನೋ ಹೇಳುವುದು. "ಬಾಗಿಲ ಹತ್ರ ಯಾರೋ ನಿಂತಿದಾರೆ ನೋಡೇ. ಒಳಗೆ ಕರಿ, ಪಾಪ, ಚಳಿ." ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದ ಪುಟ್ಟಿ ಬೆಳಗ್ಗೆ ಏಳಲು ಹಟ ಮಾಡುತ್ತಿದ್ದಳು. ಶಾಲೆಯಲ್ಲಿ ತೂಕಡಿಸುತ್ತಾಳೆಂದು ಟೀಚರ್ ಹೇಳಿ ಕಳಿಸಿದರು. ಪರದೆಯಕ್ಕನಿಗೂ ತಲೆ ಭಾರ. ಮಿಷನ್ ಮುಂದೆ ಬಗ್ಗಿ ಬಗ್ಗಿ ಹೀಗಾಗಿದೆ ಎಂದುಕೊಂಡಳು.

ಅವಳಿಗೆ ಹೆದರಿಕೆಯಾದಾಗಲೆಲ್ಲ ಕೈ ಸುಮ್ಮನಿರುತ್ತಿರಲಿಲ್ಲ. ಎಲ್ಲಿ ಇನ್ನೂ ಗಾಳಿ ಬರುತ್ತಿದೆಯೋ ಎಂದು ಗೋಡೆಗೆ ಅಂಗೈ ಹಿಡಿದು ಹುಡುಕಿ, ಅಲ್ಲಿ ಒಂದು ಪಟ್ಟಿ ಅಂಟಿಸುತ್ತಿದ್ದಳು. ಮುದುಕಿಗೆ ಶೀತ ತಾಗಿದೆ, ಗಾಳಿಯೇ ಕಾರಣ ಎಂದು ಅವಳ ಲೆಕ್ಕ. ಕಿಟಕಿಯ ಗಾಜು ಒಳಗಿನಿಂದ ಬೆವರಿ ನೀರಿಳಿಯುತ್ತಿತ್ತು. ಅದನ್ನೂ ಒರೆಸುತ್ತಿದ್ದಳು.

ನಾದಿನಿ, ಅಂದರೆ ಗಂಡನ ತಂಗಿ, ಬೇರೆ ಬಡಾವಣೆಯಲ್ಲಿದ್ದಳು. ತಾಯಿಯನ್ನು ನೋಡಲು ಬಂದವಳು ಹಟ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಅತ್ತೆ ವಾರದೊಳಗೆ ಚಿಗುರಿದರು. ತಲೆನೋವಿಲ್ಲ, ಓಕರಿಕೆಯಿಲ್ಲ, ಬಾಗಿಲಲ್ಲಿ ನಿಂತವರಿಲ್ಲ. ಆದರೆ ಅವರಿಗೆ ತಮ್ಮ ಮಂಚ, ತಮ್ಮ ಕೋಣೆಯೇ ಆಗಬೇಕು. ವಾಪಸು ಬಂದ ಮರುದಿನವೇ ತಲೆ ಹಿಡಿದು ಕೂತರು.

ನಾದಿನಿ ಮತ್ತೆ ಬಂದಾಗ ಚಪ್ಪಲಿ ಬಿಡುವ ಮೊದಲೇ ಕೇಳಿದಳು:

"ಅತ್ತಿಗೆ, ಒಂದು ಮಾತು ಕೇಳ್ಲಾ? ಅಮ್ಮಂಗೆ ಏನು ಹಾಕ್ತಿದೀರ?"

"ಏನು ಹಾಕೋದು ಅಂದ್ರೆ?"

"ನಮ್ಮನೇಲಿ ಎರಡು ತಟ್ಟೆ ಉಂಡ್ರು. ಇಲ್ಲಿ ನಿಮ್ಮ ಕೈಯ ಒಂದು ಲೋಟ ಚಹಾ ಕುಡಿದ್ರೆ ವಾಂತಿ. ನಾನೇನೂ ಹೇಳ್ತಿಲ್ಲಪ್ಪ. ಕೇಳಿದೆ ಅಷ್ಟೇ."

"ಅಯ್ಯೋ, ಎಂಥ ಮಾತು ಆಡ್ತೀರ? ಅದೇ ಚಹಾನೇ ನಾವೂ ಕುಡಿಯೋದು!"

"ಬೆಂಕಿ ಇಲ್ದೆ ಹೊಗೆ ಆಡಲ್ಲ ಅತ್ತಿಗೆ."

ಪರದೆಯಕ್ಕ ಕೆಲಸಕ್ಕೆ ಹೊರಟು ನಿಂತಿದ್ದ ಗಂಡನ ಮುಖ ನೋಡಿದಳು. ತಂಗಿಗೆ ಒಂದು ಮಾತು ಹೇಳುತ್ತಾನೆ, ಗದರುತ್ತಾನೆ ಎಂದುಕೊಂಡಳು. ಅವನು ಬಾಗಿ ಬೂಟಿನ ಲೇಸು ಕಟ್ಟತೊಡಗಿದ. ಆಗಲೇ ಕಟ್ಟಿದ್ದ ಲೇಸು.

ಅಂದಿನಿಂದ ನಾದಿನಿಯ ಮನೆಯಿಂದ ಅತ್ತೆಗೆ ಊಟದ ಡಬ್ಬಿ ಬರತೊಡಗಿತು. ಚಹಾ ಕೂಡ ಫ್ಲಾಸ್ಕಿನಲ್ಲಿ. ಅತ್ತೆ ಸೊಸೆಯ ಮುಖ ನೋಡಲಾರದೆ, ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದರು. ಪರದೆಯಕ್ಕ ಒಲೆಯ ಮುಂದೆ ನಿಂತು ತನ್ನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದಳು. ಆ ಮೊಳೆ ಹೊಡೆದ ದಿನ ಬಂದು ಹೋದ ಮಾತು ನೆನಪಾಗುತ್ತಿತ್ತು. ಮನಸ್ಸಿನಲ್ಲಿ ಅಂದುಕೊಂಡದ್ದು ಕೈಗೆ ಇಳಿಯುತ್ತದೆಯೇ? ತನಗೇ ಗೊತ್ತಿಲ್ಲದೆ ಏನಾದರೂ ಬೆರೆಸಿಬಿಟ್ಟೆನೇ? ಪಾತ್ರೆಗಳನ್ನು ಉಜ್ಜಿದ್ದೇ ಉಜ್ಜಿದ್ದು. ಇಲಿಪಾಷಾಣದ ಡಬ್ಬಿಯನ್ನು ಅಟ್ಟದಿಂದ ತೆಗೆದು ನೋಡಿದಳು. ಮುಚ್ಚಳ ತುಕ್ಕುಹಿಡಿದು ಕೂತಿತ್ತು, ತೆರೆಯಲಾಗುತ್ತಿರಲಿಲ್ಲ. ಅದನ್ನು ಕಂಡು ಅವಳಿಗೆ ಅಳು ಬಂತು. ಕಳ್ಳನನ್ನು ಹುಡುಕುವ ಹಾಗೆ ತನ್ನನ್ನು ತಾನೇ ಹುಡುಕುತ್ತಿದ್ದಳಲ್ಲ!

ಮಗಳ ಮನೆಯ ಡಬ್ಬಿಯಿಂದಲೇ ಉಂಡರೂ ಅತ್ತೆ ವಾಂತಿ ಮಾಡಿಕೊಂಡರು. ಮೊದಲು ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಚಹಾ ಅಲ್ಲ, ಅನ್ನ ಅಲ್ಲ, ತಾನಲ್ಲ. ಆಮೇಲೆ ಆ ಕಲ್ಲು ಇನ್ನೂ ದೊಡ್ಡದಾಗಿ ವಾಪಸು ಬಂತು. ಹಾಗಾದರೆ ಏನು? ಉಣ್ಣುವುದು ಬೇರೆ ಮನೆಯದು, ಕುಡಿಯುವುದು ಬೇರೆ ಮನೆಯದು. ಈ ಮನೆಯದೆಂದು ಮುದುಕಿಯೊಳಗೆ ಹೋಗುತ್ತಿರುವುದಾದರೂ ಯಾವುದು?

ಅವಳಿಗೆ ಗೋಡೆಗಳನ್ನು ಕಂಡರೆ ಹೆದರಿಕೆಯಾಗತೊಡಗಿತು. ಪರದೆಗಳು ಒಂದಿಷ್ಟೂ ಅಲ್ಲಾಡದೆ ಇಳಿಬಿದ್ದಿರುತ್ತಿದ್ದವು. ಕೆಲಸ ಒಪ್ಪಿಸಲು ಬೇರೆ ಮನೆಗಳಿಗೆ ಹೋದಾಗ ತಲೆ ಹಗುರಾಗುತ್ತಿತ್ತು. ಮನೆಯ ಬಾಗಿಲು ತೆರೆದ ಕೂಡಲೇ ಹಣೆಯ ಮೇಲೆ ಯಾರೋ ಕೈಯಿಟ್ಟು ಒತ್ತಿದಂತಾಗುತ್ತಿತ್ತು. ಅತ್ತೆ ಹೇಳುವ ಬಾಗಿಲ ಬಳಿಯವರು ಇವರೇ ಇರಬಹುದೇ ಎಂದು ಒಂದು ದಿನ ಅನ್ನಿಸಿ, ಹಗಲಲ್ಲೇ ಕೂದಲು ನಿಮಿರಿತು.

ಅದು ಆ ಚಳಿಗಾಲದಲ್ಲೇ ಅತ್ಯಂತ ಕೊರೆಯುವ ದಿನ. ಗಂಡ ಕೆಲಸಕ್ಕೆ ಹೋಗಿದ್ದ. ಶಾಲೆಯಿಂದ ಬಂದ ಪುಟ್ಟಿ ಕೈ ಉಜ್ಜಿಕೊಳ್ಳುತ್ತ ಅಜ್ಜಿಯ ಕೋಣೆಗೆ ಓಡಿದಳು.

"ಅಮ್ಮಾ, ನಾನು ಅಜ್ಜಿ ಹತ್ರ ಮಲಗ್ತೀನಿ. ಅಲ್ಲೇ ಬೆಚ್ಚಗಿದೆ."

"ಹೀಟರ್ ಪೂರ್ತಿ ಹಚ್ಚಿದೀನಿ. ಬಾಗಿಲು ಹಾಕ್ಕೋ, ಬಿಸಿ ಹೊರಗೆ ಬಿಡಬೇಡ."

"ಹಾವಿಗೆ ಹೇಳ್ತೀನಿ ಬಿಡು, ಕಾವಲಿರುತ್ತೆ," ಎಂದು ಪುಟ್ಟಿ ಬಾಗಿಲು ಮುಚ್ಚಿದಳು.

ಪರದೆಯಕ್ಕ ಒಂದು ಉದ್ದ ಪರದೆಯ ಅಂಚು ಮುಗಿಸಿ, ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಹಿಂಬದಿಯ ಮೆಟ್ಟಿಲಿಗೆ ಬಂದಳು. ಇದ್ದಿಲಿನ ಕೆಂಡ ತುಂಬಿ ಮುಚ್ಚಳ ಹಾಕಿದಳು. ಇದ್ದಿಲು ಬೇಗ ತೀರದಿರಲಿ ಎಂದು ಪೆಟ್ಟಿಗೆಯ ಪಕ್ಕದ ಗಾಳಿಕಿಂಡಿಯನ್ನೂ ಅದರ ತಗಡು ಜಾರಿಸಿ ಮುಚ್ಚಿದಳು. ಈಚೆಗೆ ಅವಳ ಕೈ ಕಂಡದ್ದನ್ನೆಲ್ಲ ಮುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಇಸ್ತ್ರಿ ತಣ್ಣಗಾಯಿತು, ಬಟ್ಟೆಯ ಮಡಿಕೆ ಕೂರಲಿಲ್ಲ. ಬಾಗಿ ಮುಚ್ಚಳ ತೆರೆದಾಗ ಮಂಕಾದ ಕೆಂಡದ ಮೇಲಿನ ಕಾವು ಮೂಗಿಗೆ ಹೊಡೆಯಿತು.

ತಲೆ ಗಿಮ್ಮೆಂದಿತು. ಓಕರಿಕೆ ಬಂತು. ಅದೇ ಭಾರ, ಹಣೆಯ ಮೇಲೆ ಕೈಯಿಟ್ಟು ಒತ್ತುವ ಅದೇ ಭಾರ.

ಅವಳಿಗೆ ಹೊಲಿಗೆ ಕಲಿಸಿದ ಮಾಸ್ತರರ ಧ್ವನಿ ಎಷ್ಟೋ ವರ್ಷಗಳ ಆಚೆಯಿಂದ ಕೇಳಿತು. ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಇಸ್ತ್ರಿ ಮಾಡುತ್ತಿದ್ದ ಹುಡುಗಿಯರಿಗೆ ಅವರು ಹಾಕುತ್ತಿದ್ದ ಬೈಗುಳ: "ಬಾಗಿಲು ತೆಗೀರೇ! ಕೆಂಡಕ್ಕೂ ಉಸಿರು ಬೇಕು. ನೀವು ಕೊಡ್ಲಿಲ್ಲಾಂದ್ರೆ ನಿಮ್ಮದನ್ನೇ ತಗೊಳ್ಳುತ್ತೆ."

ಅವಳು ಕೆಂಡ ನೋಡಿದಳು. ತಗಡು ಜಾರಿಸಿ ಕಿಂಡಿ ತೆರೆದಳು. ಗಾಳಿ ಹೊಕ್ಕ ಕೂಡಲೇ ಕೆಂಡ ಕಣ್ಣುಬಿಟ್ಟಿತು.

ಕಿಂಡಿ.

ಹೀಟರಿನ ಉರಿ ಈಚೆಗೆ ನೀಲಿಯಾಗಿರದೆ ಹಳದಿಯಾಗಿ ನಾಲಗೆ ಚಾಚುತ್ತಿದ್ದದ್ದು, ಅದರ ಪಕ್ಕದ ಪರದೆ ಎಷ್ಟು ಒಗೆದರೂ ಮಸಿ ಹಿಡಿಯುತ್ತಿದ್ದದ್ದು, ಮಂಚದ ತಲೆಯ ಹಿಂದೆ ತಾನು ಮರೆತೇಬಿಟ್ಟಿದ್ದ ಜಾಲರಿ, ಎಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡು ಬಂದವು. ಅದು ಯಾರ ಸೋಮಾರಿತನವೂ ಆಗಿರಲಿಲ್ಲ. ಹೀಟರು ಉಸಿರಾಡಲೆಂದೇ ಬಿಟ್ಟಿದ್ದ ಕಿಂಡಿ ಅದು.

"ಪುಟ್ಟೀ!"

ಅವಳು ಓಡಿದಳು. ಒಳಗಿನಿಂದ ಸದ್ದಿಲ್ಲ. ಬಾಗಿಲು ದಬ್ಬಿದಳು. ಅದು ಬೆರಳಷ್ಟು ತೆರೆದು ನಿಂತುಬಿಟ್ಟಿತು. ನೆಲದ ತಂಪು ತಡೆಯಲೆಂದು ಕಳೆದ ವಾರ ಹಾಸಿದ್ದ ದಪ್ಪ ಜಮಖಾನೆಗೆ ಒಳಬದಿಯ ಹಾವು ಸಿಕ್ಕಿಕೊಂಡು, ಮುದ್ದೆಯಾಗಿ ಬಾಗಿಲಡಿ ಗೂಟದ ಹಾಗೆ ಕೂತಿತ್ತು. ದಬ್ಬಿದಷ್ಟೂ ಬಿಗಿಯಿತು.

"ಪುಟ್ಟೀ, ಏಳೇ! ಅತ್ತೇ! ಅತ್ತೆ, ಕೇಳಿಸ್ತಾ?"

ಭುಜ ಕೊಟ್ಟು ಗುದ್ದಿದಳು. ತಾನೇ ಜೋಡಿದಾರ ಹಾಕಿ ಹೊಲಿದಿದ್ದ ಹಾವು. ಜಪ್ಪಯ್ಯ ಅಂದರೂ ಬಿಚ್ಚದ ಹೊಲಿಗೆ. ಮಿಷನ್ ಮೇಲಿನ ದೊಡ್ಡ ಕತ್ತರಿ ತಂದು, ನೆಲಕ್ಕೆ ಬಿದ್ದು, ಹೊರಗಿನ ಹಾವನ್ನು ಸೀಳಿ, ನಡುವಿನ ಪಟ್ಟಿಯ ಸಂದಿಗೆ ಕತ್ತರಿ ತೂರಿ ಒಳಗಿನದನ್ನೂ ಇರಿದಳು. ಇರಿದಳು, ಎಳೆದಳು. ಚಿಂದಿಗಳು ಕರುಳಿನ ಹಾಗೆ ಹೊರಬಂದವು. ಅವಳಿಗೆ ಪರಿಚಯವಿದ್ದ ಚಿಂದಿಗಳು, ಪುಟ್ಟಿಯ ತೊಟ್ಟಿಲ ಬಟ್ಟೆ, ಗಂಡನ ಖಾಕಿ, ಅತ್ತೆಯ ಶಾಲು. ಬಾಗಿಲು ಒಂದು ಗೇಣು ಸರಿಯಿತು. ಅವಳು ಮೈ ಹಿಂಡಿಕೊಂಡು ಒಳಗೆ ತೂರಿದಳು.

ಕೋಣೆ ಹಿತವಾಗಿ ಬೆಚ್ಚಗಿತ್ತು. ಯಾವ ವಾಸನೆಯೂ ಇರಲಿಲ್ಲ. ಮಂಚದ ಮೇಲೆ ಅಜ್ಜಿ ಮೊಮ್ಮಗಳು ಒಂದೇ ರಗ್ಗಿನಡಿ ಮಲಗಿದ್ದರು. ಪುಟ್ಟಿಯ ಕೆನ್ನೆ ಕೆಂಪಗೆ, ಆಟವಾಡಿ ಬಂದವಳ ಹಾಗಿತ್ತು. ಕರೆದರೆ ಏಳಲಿಲ್ಲ.

ಹೀಟರು ಆರಿಸಿದಳು. ಕಿಟಕಿ ತೆರೆಯಲು ಹೋದರೆ ಟೇಪು, ಸ್ಪಂಜು, ಮತ್ತೆ ಟೇಪು. ಕತ್ತರಿಯ ಹಿಡಿಯಿಂದ ಗಾಜಿಗೆ ಹೊಡೆದಳು. ಒಂದು, ಇನ್ನೊಂದು. ಹೊರಗಿನ ಚಳಿ ಹಸಿದ ಪ್ರಾಣಿಯ ಹಾಗೆ ಒಳಗೆ ಎರಗಿತು. ಬಾಗಿಲಡಿಯ ಮುದ್ದೆ ಕಿತ್ತು ಬಾಗಿಲು ಪೂರ್ತಿ ತೆರೆದು, ಮಗಳನ್ನು ಎತ್ತಿ ಹಿಂಬದಿಯ ಮೆಟ್ಟಿಲ ಮೇಲೆ ಮಲಗಿಸಿ, ಮತ್ತೆ ಓಡಿ, ಅತ್ತೆಯನ್ನು ಮಂಚದಿಂದ ಜಮಖಾನೆಯ ಮೇಲೆ ಇಳಿಸಿ ಅದರ ಸಮೇತ ಎಳೆದಳು. ಎಳೆಯುವಾಗ ಬಾಯಿಗೆ ಬಂದದ್ದನ್ನೆಲ್ಲ ಬಡಬಡಿಸುತ್ತಿದ್ದಳು: "ಬನ್ನಿ ಅತ್ತೆ, ಬನ್ನಿ. ನಾನೇನೋ ಅಂದ್ಕೊಂಡೆ, ನೀವು ಅದನ್ನ ನಡೆಸಿಕೊಟ್ಟುಬಿಡಬೇಡಿ. ಎಲ್ಲ ಹೀಟರೂ ಉರೀಲಿ, ಬನ್ನಿ."

ಮೆಟ್ಟಿಲ ಮೇಲೆ ಪುಟ್ಟಿ ಮೊದಲು ಕೆಮ್ಮಿದಳು, ಆಮೇಲೆ ವಾಂತಿ ಮಾಡಿ ಅತ್ತಳು. ಆ ಅಳು ಕೇಳಿ ಅಕ್ಕಪಕ್ಕದವರು ಬಂದರು. ಅತ್ತೆ ಕಣ್ಣು ಬಿಡುವಷ್ಟರಲ್ಲಿ ಆಂಬುಲೆನ್ಸ್ ಬಂದಿತ್ತು.

ಆಸ್ಪತ್ರೆಯಲ್ಲಿ ಇಬ್ಬರ ಮುಖಕ್ಕೂ ಆಮ್ಲಜನಕದ ಮುಖವಾಡ ಹಾಕಿದರು. ಹೀಟರಿಗೆ ಗಾಳಿ ಸಾಲದೆ ವಿಷಗಾಳಿ ತುಂಬಿಕೊಂಡಿದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಗಂಡ ಬಸ್ಸು ಇಳಿದ ಬಟ್ಟೆಯಲ್ಲೇ ಓಡಿಬಂದು ಮಗಳ ಪಾದ ಹಿಡಿದು ಕೂತ. ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲೋ ಬೇಡವೋ ಎನ್ನುವ ಹಾಗೆ.

"ಅತ್ತಿಗೆ, ನಾನು ಅವತ್ತು..."

"ನೀವು ಅಂದಿದ್ದು ಸರೀನೇ ಇತ್ತು," ಎಂದಳು ಪರದೆಯಕ್ಕ. "ನನ್ನ ಕೈಯಿಂದಲೇ ಆಗಿದ್ದು. ಚಹಾದಲ್ಲಿ ಅಲ್ಲ, ಅಷ್ಟೇ."

ಸಂಜೆ, ಎಲ್ಲರೂ ಹೊರಗಿದ್ದಾಗ, ಅತ್ತೆ ಮುಖವಾಡ ಸರಿಸಿ ಅವಳನ್ನು ಹತ್ತಿರ ಕರೆದರು.

"ಕಿಂಡಿ ಮುಚ್ಚಿದ್ದು ನೀನಾ?"

"ಹೂಂ ಅತ್ತೆ."

"ಬೇಕಂತ ಮಾಡಿದ್ಯಾ?"

ಇಷ್ಟು ದಿನ ಅವಳು ಹೆದರಿದ್ದ ಪ್ರಶ್ನೆ ಇದೇ. "ಇಲ್ಲ ಅತ್ತೆ. ಆದ್ರೆ ಮೊಳೆ ಹೊಡೆಯೋವಾಗ ಮನಸ್ಸಲ್ಲಿ ಒಂದು ಮಾತು..."

"ನಾನು ಸತ್ರೆ ಒಳ್ಳೇದು ಅಂತ."

ಅವಳು ತಲೆ ತಗ್ಗಿಸಿದಳು.

"ನೋಡೇ," ಎಂದರು ಅತ್ತೆ, ಉಸಿರು ಎಳೆದುಕೊಂಡು. "ನಮ್ಮತ್ತೆ ಸಾಯ್ಲಿ ಅಂತ ನಾನು ದಿನಕ್ಕೆರಡು ಸಲ ಅಂದ್ಕೊಳ್ತಿದ್ದೆ, ಹಲ್ಲುಜ್ಜಿದಷ್ಟೇ ನೇಮವಾಗಿ. ಪುಣ್ಯಾತಗಿತ್ತಿ ತೊಂಬತ್ತು ದಾಟಿದ್ಲು. ಅಂದ್ಕೊಂಡ್ರೆ ಯಾರೂ ಸಾಯಲ್ಲ. ಕಿಂಡಿ ಮುಚ್ಚಿದ್ರೆ ಸಾಯ್ತಾರೆ." ಮುಖವಾಡ ವಾಪಸು ಹಾಕಿಕೊಂಡು, ಮತ್ತೆ ಸರಿಸಿದರು. "ನಾಳೆಯಿಂದ ಚಹಾ ನೀನೇ ಮಾಡು. ಅವಳದ್ದು ಬರೀ ನೀರು."

ಮನೆಗೆ ಬಂದ ಮೇಲೆ ಹೀಟರು ರಿಪೇರಿಯಾಯಿತು, ಕೊಳವೆ ಸ್ವಚ್ಛವಾಯಿತು. ದಪ್ಪ ಪರದೆಗಳು ಉಳಿದವು, ಬಾಗಿಲ ಹಾವುಗಳು ಹೋದವು. ಕಿಂಡಿಯ ಮೆತ್ತೆಯನ್ನು ಗಂಡನೇ ಮೊಳೆ ಕಿತ್ತು ತೆಗೆದ. ಮುಂದಿನ ಬಿಲ್ಲು ಬಂದಾಗ ಅವನು ಬಾಯಿ ತೆರೆದ, ಕಿಂಡಿಯ ಕಡೆ ನೋಡಿದ, ಬಾಯಿ ಮುಚ್ಚಿಕೊಂಡ. ಅವಳಿಗೆ ಆಶ್ಚರ್ಯವಾಯಿತು. ಅವನ ಮುಖ ಕಂಡು ಹೆದರಿಕೆಯಾಗಲಿಲ್ಲ. ಹೆದರಿಕೆ ಹೋಗಿರಲಿಲ್ಲ, ಮನೆ ಬದಲಾಯಿಸಿತ್ತು.

ಈಗ ಅವಳು ಬೆಳಗ್ಗೆ ಹೀಟರು ಹಚ್ಚಿದ ಮೇಲೆ ಅತ್ತೆಯ ಮಂಚದ ತಲೆಕಡೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಒಂದು ದಾರದ ಎಳೆಯನ್ನು ಜಾಲರಿಯ ಮುಂದೆ ಹಿಡಿಯುತ್ತಾಳೆ. ದಾರ ಒಳಮುಖವಾಗಿ ಬಾಗಿದರೆ ಎದ್ದು ಕೆಲಸಕ್ಕೆ ಹೋಗುತ್ತಾಳೆ.

"ಗಾಳಿ ಬರ್ತಿದೆಯೇನೇ?" ಎಂದು ಅತ್ತೆ ರಗ್ಗಿನೊಳಗಿಂದ ಕೇಳುತ್ತಾರೆ.

"ಬರ್ತಿದೆ ಅತ್ತೆ."

ಆದರೆ ಕೆಲವು ದಿನ ಬೆಳಗ್ಗೆ ಹೊರಗೆ ಎಲೆಯೂ ಅಲ್ಲಾಡುವುದಿಲ್ಲ. ದಾರ ಅವಳ ಬೆರಳುಗಳ ನಡುವೆ ನೆಟ್ಟಗೆ ಇಳಿಬಿದ್ದಿರುತ್ತದೆ. ಆಗ ಅತ್ತೆ ಕೇಳಿದರೆ ಅವಳು ಮೊದಲು ಎದ್ದು ಹೀಟರು ಆರಿಸುತ್ತಾಳೆ, ಕಿಟಕಿ ಪೂರ್ತಿ ತೆರೆಯುತ್ತಾಳೆ. "ಚಳಿ ಕಣೇ!" ಎಂದು ಅತ್ತೆ ಬೈಯುತ್ತಾರೆ. ಆ ಬೈಗುಳ ಗಟ್ಟಿಯಾಗಿ, ಉಸಿರು ತುಂಬಿಕೊಂಡು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತ, ಅವಳು ಮತ್ತೆ ಜಾಲರಿಯ ಮುಂದೆ ದಾರ ಹಿಡಿದು ಕಾಯುತ್ತಾಳೆ.